ಪೆನ್ ಡ್ರೈವಿನಲ್ಲಿ ಬಂದ ಕಂಪೈಲರ್

ಹುಮನಾಬಾದ್, ಬಸವಕಲ್ಯಾಣದ ಕಡೆಯ ಕಬ್ಬಿನ ಹೊಲಗಳಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಪಕ್ಕ ಇನ್ನೊಂದು ಸಣ್ಣ ಡಬ್ಬಿ ಕಂಡರೆ ಈಗ ಯಾರೂ ಬೆರಗಾಗುವುದಿಲ್ಲ. ಒಳಗಿರುವುದು ಒಂದು ಸಿಮ್ ಕಾರ್ಡು, ಒಂದೆರಡು ರಿಲೇ, ಒಂದು ಮೈಕ್ರೋಕಂಟ್ರೋಲರ್. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೂ ಮಲಗಿದಲ್ಲಿಂದಲೇ ಫೋನು ಮಾಡಿ ಮೋಟರು ಚಾಲೂ ಮಾಡಬಹುದು. ಮೂರರಲ್ಲಿ ಒಂದು ಫೇಸ್ ಹೋದರೆ ಮೋಟರು ಸುಡುವ ಮೊದಲೇ ಡಬ್ಬಿ ಅದನ್ನು ನಿಲ್ಲಿಸುತ್ತದೆ. ಪುಣೆಯ ಸಂತೋಷ್ ಓಸ್ತವಾಲ್ ರೂಪಿಸಿದ ‘ನ್ಯಾನೋ ಗಣೇಶ’ ಈ ಬಗೆಯ ಸಾಧನಗಳಲ್ಲಿ ಹೆಸರು ಮಾಡಿದ್ದು. ಇಂಥದ್ದೇ ಡಬ್ಬಿಯನ್ನು ಊರಲ್ಲಿ ಕೂತು ಮಾಡಲು ಬೇಕಾದ ಸಾಮಾನು ಇವತ್ತು ದುಬಾರಿಯೂ ಅಲ್ಲ, ದೂರವೂ ಇಲ್ಲ. ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಬೆಳಗ್ಗೆ ಹುಮನಾಬಾದ್ ಬಿಟ್ಟರೆ ಹೈದರಾಬಾದಿನ ಕೋಟಿಯಲ್ಲಿರುವ ಗುಜರಾತಿ ಗಲ್ಲಿಯಲ್ಲಿ ಬೋರ್ಡು, ರಿಲೇ, ವೈರು ಎಲ್ಲ ಕೊಂಡು ಸಂಜೆಗೆ ಮನೆ ಸೇರಬಹುದು.

ಸಾಮಾನು ಬಂತು. ಚಿಪ್ಪಿಗೆ ಪ್ರೋಗ್ರಾಂ ತುಂಬುವ ಸಾಫ್ಟ್‌ವೇರ್? ಅದು ಬಹಳ ಸಲ ಬರುವುದು ಗೆಳೆಯನ ಪೆನ್ ಡ್ರೈವಿನಲ್ಲಿ, ‘ಎಲ್ಲಾ ಅದರಾಗೇ ಅದ, ಹಾಕ್ಕೋ’ ಎಂಬ ಮಾತಿನ ಜೊತೆಗೆ. ಪೆನ್ ಡ್ರೈವು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಬಂದದ್ದು ಏನು ಎಂದು ತಿಳಿಯುವ ದಾರಿ ಇದೆ, ಮತ್ತು ಆ ದಾರಿಗೆ ಒಂದು ಎಸ್‌ಎಂಎಸ್‌ನಷ್ಟು ಖರ್ಚು ಸಾಕು. ಅಲ್ಲಿಗೆ ಬರುವ ಮೊದಲು ಈ ಸಾಫ್ಟ್‌ವೇರ್ ಮಾಡುವ ಕೆಲಸ ಏನೆಂದು ನೋಡಬೇಕು.

ಕಲಿಯುವವರ ಕೈಗೆ ಮೊದಲು ಸಿಗುವ ಆರ್ಡುಯಿನೊ ಊನೊ ಬೋರ್ಡಿನಲ್ಲಿರುವ ಚಿಪ್ಪಿನ ಹೆಸರು ಎಟಿಮೆಗಾ328ಪಿ. ಪ್ರೋಗ್ರಾಂ ಇಡಲು 32 ಕಿಲೋಬೈಟ್ ಫ್ಲ್ಯಾಶ್, ಲೆಕ್ಕ ಮಾಡಲು 2 ಕಿಲೋಬೈಟ್ ರ್‍ಯಾಮ್, ವೇಗ 16 ಮೆಗಾಹರ್ಟ್ಸ್. ಪರದೆಯಿಲ್ಲ, ಕೀಲಿಮಣೆಯಿಲ್ಲ. ನಾವು ಬರೆಯುವ ಸಿ ಭಾಷೆ ಅದಕ್ಕೆ ತಿಳಿಯದು. ಕಂಪ್ಯೂಟರಿನಲ್ಲಿರುವ ಕಂಪೈಲರ್ ನಮ್ಮ ಬರಹವನ್ನು ಚಿಪ್ಪಿನ ಆದೇಶಗಳಿಗೆ ಇಳಿಸಿ ‘ಹೆಕ್ಸ್’ ಫೈಲ್ ಮಾಡುತ್ತದೆ. ಅದರ ಪ್ರತಿ ಸಾಲೂ ಕೋಲನ್ ಚಿಹ್ನೆಯಿಂದ ಶುರುವಾಗುತ್ತದೆ. ಸಾಲಿನ ಕೊನೆಯ ಎರಡು ಅಂಕೆಗಳು ಸಾಗಣೆಯಲ್ಲಿ ತಪ್ಪಾಯಿತೇ ಎಂದು ತಾಳೆ ನೋಡಲು ಇರುವ ಮೊತ್ತ. ಅಪ್‌ಲೋಡರ್ ಎಂಬ ಇನ್ನೊಂದು ಪ್ರೋಗ್ರಾಂ ಇದನ್ನು ಯುಎಸ್‌ಬಿ ವೈರಿನ ಮೂಲಕ ಕಳಿಸುತ್ತದೆ. ಚಿಪ್ಪಿನೊಳಗೆ ಮೊದಲೇ ಕೂತಿರುವ ಬೂಟ್‌ಲೋಡರ್ ಅದನ್ನು ತೆಗೆದುಕೊಂಡು ಫ್ಲ್ಯಾಶಿನಲ್ಲಿ ಬರೆಯುತ್ತದೆ. ಬರೆಯುವ ಜಾಗ, ಕಂಪೈಲರ್, ಅಪ್‌ಲೋಡರ್ ಇವನ್ನೆಲ್ಲ ಒಂದೇ ಕಿಟಕಿಯಲ್ಲಿ ಕೂಡಿಸಿಟ್ಟದ್ದಕ್ಕೆ ಐಡಿಇ ಎನ್ನುತ್ತಾರೆ.

ಬೋರ್ಡಿನ ಮೇಲಿನ ಸಣ್ಣ ದೀಪವನ್ನು ಒಂದು ಸೆಕೆಂಡು ಹೊತ್ತಿಸಿ ಒಂದು ಸೆಕೆಂಡು ಆರಿಸುವ ‘ಬ್ಲಿಂಕ್’ ಪ್ರೋಗ್ರಾಮನ್ನು ಹಳೆಯ 1.8 ಸರಣಿಯ ಐಡಿಇಯಲ್ಲಿ ಕಂಪೈಲ್ ಮಾಡಿದರೆ ಕೆಳಗೆ ಒಂದು ಲೆಕ್ಕ ಬರುತ್ತದೆ: ಬಳಸಿದ್ದು 924 ಬೈಟ್, ಮಿತಿ 32,256 ಬೈಟ್. 32 ಕಿಲೋಬೈಟ್ ಎಂದರೆ 32,768 ಆಗಬೇಕಿತ್ತಲ್ಲ? ಉಳಿದ 512 ಬೈಟ್ ಬೂಟ್‌ಲೋಡರಿನ ಪಾಲು. ಆ 924 ಬೈಟುಗಳನ್ನು ಕೂತು ಓದಿದವರು ಎಷ್ಟು ಜನ? ಬರೆದ ನಾಲ್ಕಾರು ಸಾಲು ನಮ್ಮದು, ಉಳಿದದ್ದು ಕಂಪೈಲರ್ ಸೇರಿಸಿದ್ದು. ಚಿಪ್ಪಿನೊಳಗೆ ನಿಜವಾಗಿ ಏನಿದೆ ಎಂದು ಪರೀಕ್ಷಿಸಲು ಹೊರಟರೂ ನೋಡುವುದು ಅದೇ ಸಾಫ್ಟ್‌ವೇರಿನ ಮೂಲಕ. ಆದ್ದರಿಂದಲೇ ‘ಯಾವ ಸಾಫ್ಟ್‌ವೇರ್ ಒಳ್ಳೆಯದು’ ಎಂಬುದಕ್ಕಿಂತ ‘ಇದು ಎಲ್ಲಿಂದ ಬಂತು’ ಎಂಬ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುತ್ತದೆ.

ಯಾವುದು ಒಳ್ಳೆಯದು ಎಂಬುದನ್ನು ಬೇಗ ಮುಗಿಸಬಹುದು. ಅದನ್ನು ಬಹುಮಟ್ಟಿಗೆ ಚಿಪ್ಪೇ ತೀರ್ಮಾನಿಸಿರುತ್ತದೆ. ಪಿಕ್ ಚಿಪ್ಪಿಗೆ ಮೈಕ್ರೋಚಿಪ್ ಕಂಪನಿಯ ಎಂಪಿಲ್ಯಾಬ್ ಎಕ್ಸ್, ಎಸ್‌ಟಿಎಂ32ಕ್ಕೆ ಕ್ಯೂಬ್ ಐಡಿಇ, ವೈಫೈ ಇರುವ ಇಎಸ್‌ಪಿ32ಕ್ಕೆ ಎಸ್‌ಪ್ರೆಸಿಫ್ ಕಂಪನಿಯದೇ ಸಲಕರಣೆ ಇಲ್ಲವೇ ಆರ್ಡುಯಿನೊ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪೀಕೊ ಈ ಗೊಡವೆಯನ್ನೇ ಕಡಿಮೆ ಮಾಡಿತು. ಅದರ ಮೇಲಿನ ಗುಂಡಿ ಒತ್ತಿಹಿಡಿದು ವೈರು ಚುಚ್ಚಿದರೆ ಬೋರ್ಡೇ ಪೆನ್ ಡ್ರೈವಿನಂತೆ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆ. ಫೈಲನ್ನು ಎಳೆದು ಹಾಕಿದರೆ ಮುಗಿಯಿತು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ವೇಗಾ ಸರಣಿಯ ತೇಜಸ್32 ಚಿಪ್ಪಿನ ಏರೀಸ್ ಬೋರ್ಡುಗಳಿಗೂ ಆರ್ಡುಯಿನೊ ಐಡಿಇಯಲ್ಲೇ ಪ್ರೋಗ್ರಾಂ ಬರೆಯಬಹುದು.

ಪಂಪಿನ ಡಬ್ಬಿಯ ಮೊದಲ ಮಾದರಿ ಮಾಡುವವರು ಆರ್ಡುಯಿನೊ ಹಿಡಿಯಲಿ ಎಂಬುದು ನನ್ನ ಮತ. ಇದು ಮಕ್ಕಳಾಟಿಕೆ ಎಂದು ಮೂಗು ಮುರಿಯುವ ಎಂಜಿನಿಯರುಗಳಿದ್ದಾರೆ. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿನ್ಯಾಸದ ವಿದ್ಯಾರ್ಥಿಗಳಿಗಾಗಿ, ಅಂದರೆ ಎಲೆಕ್ಟ್ರಾನಿಕ್ಸ್ ಓದದವರಿಗಾಗಿಯೇ ಇದು ಹುಟ್ಟಿದ್ದು. ಆ ಸರಳತೆ ಬೇಕೆಂದೇ ಇಟ್ಟದ್ದು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿಂದಾಗಿ ಆರನೇ ತರಗತಿಯ ಮಕ್ಕಳ ಕೈಗೂ ಇಂಥ ಬೋರ್ಡು ಬಂದಿದೆ. ಸಿಕ್ಕಿಹಾಕಿಕೊಂಡಾಗ ಕೇಳಲು ಪಕ್ಕದ ಓಣಿಯಲ್ಲಿ ಒಬ್ಬರಾದರೂ ಸಿಗುವಂಥ ಸಲಕರಣೆ, ಯಾರಿಗೂ ಗೊತ್ತಿಲ್ಲದ ಬಲಶಾಲಿ ಸಲಕರಣೆಗಿಂತ ಮೇಲು.

ಕಂಪ್ಯೂಟರಿನ ವಯಸ್ಸನ್ನೂ ನೋಡಿಕೊಳ್ಳಬೇಕು. 2022ರ ಸೆಪ್ಟೆಂಬರಿನಲ್ಲಿ ಬಂದ ಆರ್ಡುಯಿನೊ ಐಡಿಇ 2ಕ್ಕೆ 64 ಬಿಟ್‌ನ ವಿಂಡೋಸ್ 10 ಬೇಕು. ಅಂಗಡಿಯ ಮೂಲೆಯಲ್ಲಿರುವ ವಿಂಡೋಸ್ 7ರ ಹಳೆಯ ಪಿಸಿಯಲ್ಲಿ ಅದು ನಡೆಯದು. ಅಲ್ಲಿಗೆ ಹಳೆಯ ಸರಣಿಯ ಕೊನೆಯದಾದ 1.8.19 ಇದೆ, ಅಧಿಕೃತ ತಾಣದಲ್ಲೇ ಇದೆ. ಅದನ್ನು ಹಾಕಿಕೊಂಡರೆ ಕಳೆದುಕೊಳ್ಳುವಂಥದ್ದು ಹೆಚ್ಚೇನಿಲ್ಲ.

ಇನ್ನು 8051. ಇಂಟೆಲ್ 1980ರಲ್ಲಿ ಹೊರತಂದ ಈ ಚಿಪ್ಪಿನ ವಂಶ ಇನ್ನೂ ಅಳಿದಿಲ್ಲ. ವಿಟಿಯು ಪಠ್ಯದ ಪ್ರಯೋಗಾಲಯಗಳಲ್ಲಿ ಅದನ್ನು ಕಲಿತ ತಲೆಮಾರಿಗೆ ‘ಕೀಲ್’ ಎಂಬ ಹೆಸರು ಪರಿಚಿತ. ಕೀಲ್ ಒಳ್ಳೆಯ ಸಲಕರಣೆಯೇ, ಆದರೆ ಹಣ ಕೊಟ್ಟು ಲೈಸೆನ್ಸ್ ಪಡೆಯಬೇಕಾದದ್ದು. ಬಿಟ್ಟಿ ಸಿಗುವ ಅದರ ಪರೀಕ್ಷಾ ಆವೃತ್ತಿ 2 ಕಿಲೋಬೈಟ್ ಮೀರಿದ ಪ್ರೋಗ್ರಾಮನ್ನು ಕಟ್ಟಿಕೊಡುವುದಿಲ್ಲ. ಇಲ್ಲಿಂದ ಶುರುವಾಗುತ್ತದೆ ‘ಕ್ರ್ಯಾಕ್’ ಕಥೆ. ಪೆನ್ ಡ್ರೈವಿನ ಫೋಲ್ಡರಿನಲ್ಲಿ ಇನ್‌ಸ್ಟಾಲರ್ ಜೊತೆ ‘ಕೀಜೆನ್’ ಎಂಬ ಇನ್ನೊಂದು ಫೈಲು, ಅದರ ಪಕ್ಕ ಒಂದು ಚೀಟಿ: ಮೊದಲು ಆ್ಯಂಟಿವೈರಸ್ ಬಂದ್ ಮಾಡಿ. ಬರುವ ಮುನ್ನ ನಾಯಿಯನ್ನು ಕಟ್ಟಿಹಾಕಿಡಿ ಎಂದು ಹೇಳಿಕಳಿಸುವ ಅಪರಿಚಿತ ಅತಿಥಿಯನ್ನು ನಮ್ಮ ಮನೆಗಳಲ್ಲಿ ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಆದರೆ ಈ ಚೀಟಿಯನ್ನು ಚಾಚೂ ತಪ್ಪದೆ ಪಾಲಿಸುತ್ತೇವೆ. ತಮಾಷೆಯೆಂದರೆ ಕಾಲೇಜು ಪ್ರಯೋಗಾಲಯದ ಮಾಮೂಲು ಪ್ರೋಗ್ರಾಮುಗಳಿಗೆ 2 ಕಿಲೋಬೈಟೇ ಧಾರಾಳ. ಎಟಿ89ಸಿ51 ಚಿಪ್ಪಿನ ಇಡೀ ಫ್ಲ್ಯಾಶ್ 4 ಕಿಲೋಬೈಟ್ ಮಾತ್ರ. 2 ಕಿಲೋಬೈಟ್ ಮೀರಲೇಬೇಕಾದರೆ ಎಸ್‌ಡಿಸಿಸಿ ಎಂಬ ಮುಕ್ತ ಕಂಪೈಲರ್ ಇದೆ, ಮಿತಿಯೂ ಇಲ್ಲ, ಬೆಲೆಯೂ ಇಲ್ಲ. ಮೈಕ್ರೋಚಿಪ್‌ನ ಎಕ್ಸ್‌ಸಿ8 ಕಂಪೈಲರಿಗೂ ಪುಕ್ಕಟೆ ರೂಪವಿದೆ. ಕದ್ದದ್ದನ್ನು ಹಾಕಿಕೊಳ್ಳುವುದಕ್ಕೆ ಈಗ ಬಡತನದ ನೆಪವೂ ಉಳಿದಿಲ್ಲ.

ಸಲಕರಣೆಯಲ್ಲೇ ವಿಷ ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಗಳಿವೆ. 2015ರಲ್ಲಿ ಚೀನಾದ ಐಫೋನ್ ಆ್ಯಪ್ ತಯಾರಕರಿಗೆ ಆ್ಯಪಲ್ ಕಂಪನಿಯ ಎಕ್ಸ್‌ಕೋಡ್ ಬೇಕಿತ್ತು. ಗಿಗಾಬೈಟುಗಟ್ಟಲೆ ಗಾತ್ರ, ಕಂಪನಿಯ ಸರ್ವರಿನಿಂದ ಇಳಿಸಿಕೊಳ್ಳಲು ಅಲ್ಲಿ ತುಂಬ ಹೊತ್ತು. ಹಾಗಾಗಿ ಕೆಲವರು ಬೈಡು ಕಂಪನಿಯ ಫೈಲ್ ಹಂಚಿಕೆ ತಾಣದಲ್ಲಿ ಯಾರೋ ಇಟ್ಟಿದ್ದ ಪ್ರತಿಯನ್ನು ಎತ್ತಿಕೊಂಡರು. ಆ ಪ್ರತಿ ತಾನು ಕಟ್ಟಿದ ಪ್ರತಿಯೊಂದು ಆ್ಯಪಿನೊಳಗೂ ಗುಟ್ಟಾಗಿ ಒಂದು ತುಣುಕು ಸೇರಿಸುತ್ತಿತ್ತು. ವಿಚಾಟ್‌ನ ಒಂದು ಆವೃತ್ತಿಯೂ ಸೇರಿ ಅನೇಕ ಆ್ಯಪುಗಳು ಆ್ಯಪಲ್‌ನ ತಪಾಸಣೆ ದಾಟಿ ಜನರ ಫೋನು ತಲುಪಿದವು. ಬರೆದವರ ಬರಹದಲ್ಲಿ ತಪ್ಪೇ ಇರಲಿಲ್ಲ. ಅದಕ್ಕೂ ಮೊದಲು, 2009ರಲ್ಲಿ ಪತ್ತೆಯಾದ ಇಂಡಕ್ ಎಂಬ ವೈರಸ್ ಡೆಲ್ಫಿ ಭಾಷೆಯ ಕಂಪೈಲರ್ ಇರುವ ಗಣಕವನ್ನೇ ಹುಡುಕಿ, ಅದರ ಒಂದು ಮೂಲ ಫೈಲಿನಲ್ಲಿ ಸೇರಿಕೊಳ್ಳುತ್ತಿತ್ತು. ಆಮೇಲೆ ಆ ಗಣಕದಲ್ಲಿ ಹುಟ್ಟಿದ ಪ್ರೋಗ್ರಾಮುಗಳೆಲ್ಲ ಹುಟ್ಟುತ್ತಲೇ ರೋಗಿಗಳು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 2010ರ ಸ್ಟಕ್ಸ್‌ನೆಟ್. ಇರಾನಿನ ನತಾಂಜ್‌ನ ಯುರೇನಿಯಂ ಸೆಂಟ್ರಿಫ್ಯೂಜುಗಳನ್ನು ಕೆಡಿಸಲು ಹೊರಟ ಈ ಹುಳ ಹೊಕ್ಕಿದ್ದು ಸೀಮೆನ್ಸ್ ನಿಯಂತ್ರಕಗಳಿಗೆ ಪ್ರೋಗ್ರಾಂ ಬರೆಯುವ ಸ್ಟೆಪ್ 7 ಎಂಬ ಸಾಫ್ಟ್‌ವೇರಿಗೆ. ಆ ಸಾಫ್ಟ್‌ವೇರ್ ನಿಯಂತ್ರಕದ ಜೊತೆ ಮಾತಾಡಲು ಬಳಸುವ ಒಂದು ಫೈಲನ್ನು ತೆಗೆದು ತನ್ನದನ್ನು ಇಟ್ಟಿತು. ಎಂಜಿನಿಯರ್ ‘ನಿಯಂತ್ರಕದಲ್ಲಿ ಏನಿದೆ ತೋರಿಸು’ ಎಂದಾಗ ತನ್ನ ಭಾಗವನ್ನು ಮರೆಮಾಡಿ ಉಳಿದದ್ದನ್ನಷ್ಟೇ ತೋರಿಸಿತು. ಅದು ಹರಡಿದ ಮುಖ್ಯ ದಾರಿಗಳಲ್ಲಿ ಪೆನ್ ಡ್ರೈವೂ ಒಂದು. ಸೋಂಕು ಹೆಚ್ಚು ಕಂಡ ದೇಶಗಳು ಇರಾನ್, ಇಂಡೋನೇಷ್ಯಾ, ಆಮೇಲೆ ಭಾರತ.

ಬಸವಕಲ್ಯಾಣದ ಪಂಪಿಗಾಗಿ ಯಾರು ಸ್ಟಕ್ಸ್‌ನೆಟ್ ಬರೆದಾರು ಎಂದು ನಗಬಹುದು. ಯಾರೂ ಬರೆಯುವುದಿಲ್ಲ. ಕ್ರ್ಯಾಕ್ ಫೈಲುಗಳಲ್ಲಿ ಅಡಗಿ ಬರುವ ಕಳ್ಳನಿಗೆ ಪಂಪು ಬೇಕಾಗಿಯೂ ಇಲ್ಲ; ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡು, ಇಮೇಲು, ಬ್ಯಾಂಕಿನ ಲಾಗಿನ್ ಸಾಕು. ಆ ಲ್ಯಾಪ್‌ಟಾಪು ಅಣ್ಣನ ಅಂಗಡಿಯ ಜಿಎಸ್‌ಟಿ ಲೆಕ್ಕಕ್ಕೂ ಬಳಕೆಯಾಗುತ್ತಿರುತ್ತದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಪ್ರತಿಯೊಬ್ಬರೂ ಮೂಲ ತಾಣದಿಂದಲೇ ಇಳಿಸಿಕೊಳ್ಳಬೇಕೇ? ಇಎಸ್‌ಪಿ32ರ ಕಂಪೈಲರ್ ಸಮೇತ ಎಲ್ಲ ಸೇರಿದರೆ ನೂರಾರು ಮೆಗಾಬೈಟ್. ಒಂದು ತರಗತಿಯ ಅಷ್ಟೂ ಹುಡುಗರು ಒಟ್ಟಿಗೆ ಇಳಿಸಲು ಕೂತರೆ ಆ ದಿನದ ಪಾಠ ಅಷ್ಟಕ್ಕೇ ಮುಗಿಯಿತು. ಒಬ್ಬರು ಇಳಿಸಿ ಉಳಿದವರಿಗೆ ಪೆನ್ ಡ್ರೈವಿನಲ್ಲಿ ಹಂಚುವುದೇ ಬುದ್ಧಿವಂತಿಕೆ. ದಾರಿಯಲ್ಲಿ ಫೈಲು ಬದಲಾಗಿಲ್ಲ ಎಂದು ಖಚಿತಪಡಿಸಲು ಇರುವ ಗಣಿತವೇ ಹ್ಯಾಶ್. 2001ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಮುಂದಿಟ್ಟ ಎಸ್‌ಎಚ್‌ಎ-256 ವಿಧಾನ ಎಷ್ಟೇ ದೊಡ್ಡ ಫೈಲನ್ನು ಕೊಟ್ಟರೂ ಅರೆದು 256 ಬಿಟ್‌ಗಳ ಒಂದು ಸಂಖ್ಯೆ ಮಾಡುತ್ತದೆ. ಬರೆದರೆ 64 ಅಕ್ಷರ. ಫೈಲಿನಲ್ಲಿ ಒಂದೇ ಒಂದು ಬಿಟ್ ತಿರುಗಿದರೂ ಆ 64ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಬದಲಾಗುತ್ತವೆ, ಮತ್ತು ಬೇಕೆಂದೇ ಒಂದೇ ಸಂಖ್ಯೆ ಬರುವ ಎರಡು ಫೈಲುಗಳನ್ನು ತಯಾರಿಸುವ ದಾರಿ ಇಂದಿನವರೆಗೆ ಯಾರಿಗೂ ಸಿಕ್ಕಿಲ್ಲ. ಇದರ ಹಿಂದಿನ ಎಂಡಿ5 ಈ ಪರೀಕ್ಷೆಯಲ್ಲಿ 2004ರಲ್ಲೇ ಸೋತಿತು, ಎಸ್‌ಎಚ್‌ಎ-1 2017ರಲ್ಲಿ, ಅವನ್ನು ನೆಚ್ಚಬೇಡಿ.

ಇದರ ಸೊಗಸು ಗಾತ್ರದಲ್ಲಿದೆ. ಫೈಲು ಪೆನ್ ಡ್ರೈವಿನಲ್ಲಿ ಬರಲಿ, ಹ್ಯಾಶ್ ಬೇರೆ ದಾರಿಯಲ್ಲಿ ಬರಲಿ. 64 ಅಕ್ಷರ 160 ಅಕ್ಷರಗಳ ಒಂದು ಎಸ್‌ಎಂಎಸ್‌ನಲ್ಲಿ ಆರಾಮಾಗಿ ಕೂರುತ್ತದೆ. ತಯಾರಕರ ಬಿಡುಗಡೆ ಪುಟವನ್ನು ನೀವೇ ಫೋನಿನಲ್ಲಿ ತೆರೆದು ನೋಡಬಹುದು, ಇಲ್ಲವೇ ಬೀದರಿನಲ್ಲಿ ಓದುತ್ತಿರುವ ತಂಗಿಗೆ ನೋಡಿ ಕಳಿಸಲು ಹೇಳಬಹುದು. ನಿಮ್ಮ ಕೈಯಲ್ಲಿರುವ ಫೈಲಿನ ಹ್ಯಾಶ್ ತೆಗೆಯಲು ಹೊಸ ಸಾಫ್ಟ್‌ವೇರ್ ಬೇಡ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ‘ಸರ್ಟ್‌ಯುಟಿಲ್’ ಎಂಬ ಆದೇಶವಿದೆ. ಅದರ ಮುಂದೆ ಹ್ಯಾಶ್‌ಫೈಲ್ ಆಯ್ಕೆ, ಫೈಲಿನ ಹೆಸರು, ಕೊನೆಗೆ ಎಸ್‌ಎಚ್‌ಎ256 ಎಂದು ಕೊಟ್ಟರೆ ಸಾಲು ಮೂಡುತ್ತದೆ. ಎರಡನ್ನೂ ಪೂರ್ತಿ ತಾಳೆ ನೋಡಿ. ಮೊದಲ ನಾಲ್ಕು ಅಕ್ಷರ ಸರಿಯಿದೆ ಎಂದು ಬಿಟ್ಟರೆ ಉಪಯೋಗವಿಲ್ಲ. ಹ್ಯಾಶನ್ನು ಅದೇ ಪೆನ್ ಡ್ರೈವಿನ ಚೀಟಿಯಲ್ಲಿ ಬರೆದುಕೊಟ್ಟಿದ್ದರಂತೂ ಅದು ಹ್ಯಾಶೇ ಅಲ್ಲ; ಫೈಲು ಬದಲಿಸಿದವನಿಗೆ ಚೀಟಿ ಬದಲಿಸುವುದೇನು ಕಷ್ಟ?

ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ‘ಪಬ್ಲಿಷರ್’ ಯಾರೆಂದು ತೋರಿಸುತ್ತದೆ. ಅಲ್ಲಿ ತಯಾರಕರ ಹೆಸರಿರಬೇಕು; ‘ಅನ್‌ನೋನ್’ ಎಂದಿದ್ದರೆ ಕೈ ಹಿಂದೆಗೆಯಿರಿ. ಹೆಸರು ಇದ್ದ ಮಾತ್ರಕ್ಕೆ ಎಲ್ಲ ಸರಿ ಎಂದೂ ಅಲ್ಲ. ಸ್ಟಕ್ಸ್‌ನೆಟ್‌ನ ಡ್ರೈವರುಗಳ ಮೇಲೆ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳ ಅಸಲಿ ಸಹಿಯೇ ಇತ್ತು, ಕದ್ದದ್ದು.

‘ಮೂಲ ತಾಣ’ ಎನ್ನುತ್ತೇವೆ, ಅದನ್ನು ಗುರುತಿಸುವುದೂ ಯಾವಾಗಲೂ ಸುಲಭವಾಗಿರಲಿಲ್ಲ. ಆರ್ಡುಯಿನೊ ಸ್ಥಾಪಕರಲ್ಲಿ ಜಗಳವಾಗಿ 2015ರಲ್ಲಿ ಒಂದೇ ಹೆಸರಿನ ಎರಡು ತಾಣಗಳಿದ್ದವು, ಒಂದರ ಬಾಲ ‘ಸಿಸಿ’, ಇನ್ನೊಂದರದು ‘ಓಆರ್‌ಜಿ’. ಮೊದಲಿನವರ ಐಡಿಇ 1.6ರಲ್ಲಿ ಇದ್ದಾಗ ಎರಡನೆಯವರು 1.7 ಎಂದು ಸಂಖ್ಯೆ ಹಾಕಿದರು. ದೊಡ್ಡ ಸಂಖ್ಯೆ ಹೊಸದೆಂದು ನಂಬಿ ಹಾಕಿಕೊಂಡವರ ಗೊಂದಲ 2016ರ ಕೊನೆಗೆ ರಾಜಿಯಾಗುವ ತನಕ ನಡೆಯಿತು. ಈಗ ‘ಸಿಸಿ’ಯೇ ಮೂಲ ತಾಣ. ಅಲ್ಲಿ ಇಳಿಸುವ ಮುನ್ನ ದೇಣಿಗೆ ಕೇಳುವ ಪುಟ ಬರುತ್ತದೆ. ದುಡ್ಡು ಕಟ್ಟಬೇಕೇನೋ ಎಂದು ಹಿಂದಿರುಗಿ ಬೇರೆ ತಾಣ ಹುಡುಕುವವರಿದ್ದಾರೆ. ಕಟ್ಟಬೇಕಿಲ್ಲ, ‘ಜಸ್ಟ್ ಡೌನ್‌ಲೋಡ್’ ಒತ್ತಿದರೆ ಸಾಕು. ಹುಡುಕಾಟದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮೇಲಿನ ಸಾಲು ಜಾಹೀರಾತಾಗಿರಬಹುದು ಎಂಬುದೂ ನೆನಪಿರಲಿ.

ಐಡಿಇ ಬಂತು, ಬೋರ್ಡು ಕಾಣುತ್ತಿಲ್ಲ. ಹತ್ತರಲ್ಲಿ ಒಂಬತ್ತು ಹೊಸಬರ ಮೊದಲ ಸಂಜೆ ಹೀಗೆಯೇ ಕಳೆಯುತ್ತದೆ ಎಂದರೆ ತುಸು ಉತ್ಪ್ರೇಕ್ಷೆ, ಅಷ್ಟೇ. ಮೊದಲು ವೈರು ನೋಡಿ. ಚಾರ್ಜಿಂಗಿಗೆ ಮಾತ್ರ ಮಾಡಿದ ವೈರಿನಲ್ಲಿ ಮಾಹಿತಿ ಸಾಗಿಸುವ ಎರಡು ತಂತಿಗಳೇ ಇರುವುದಿಲ್ಲ. ಆಮೇಲೆ ಡ್ರೈವರ್. ಅಗ್ಗದ ಬೋರ್ಡುಗಳಲ್ಲಿ ಯುಎಸ್‌ಬಿ ಮಾತಾಡಲು ಸಿಎಚ್340 ಎಂಬ ಚೀನೀ ಚಿಪ್ಪು ಇರುತ್ತದೆ; ಅದರ ಡ್ರೈವರನ್ನು ಆ ಚಿಪ್ಪು ಮಾಡಿದವರ ತಾಣದಿಂದಲೇ ತನ್ನಿ. ‘ಡ್ರೈವರ್ ಅಪ್‌ಡೇಟರ್’ ಎಂಬ ಹೆಸರಿನ ಸಾಫ್ಟ್‌ವೇರುಗಳ ಸಹವಾಸ ಬೇಡ. ಡ್ರೈವರ್ ನಡೆಯುವುದು ಕಂಪ್ಯೂಟರಿನ ಅತಿ ಒಳಗಿನ ಅಧಿಕಾರದಲ್ಲಿ, ಅದಕ್ಕೆ ಅಡ್ಡಿ ಹೇಳುವವರಿಲ್ಲ. ಅಸಲಿ ಕಂಪನಿಯ ಡ್ರೈವರೇ ಪೆಟ್ಟು ಕೊಟ್ಟದ್ದೂ ಉಂಟು. 2014ರ ಅಕ್ಟೋಬರಿನಲ್ಲಿ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದು, ತನ್ನ ಚಿಪ್ಪಿನ ನಕಲಿಗಳನ್ನು ಹುಡುಕಿ ಅವುಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಟ್ಟಿತು. ನಕಲಿ ಎಂದು ತಿಳಿಯದೆ ಕೊಂಡವರ ಸಾಧನಗಳು ಸತ್ತಂತೆ ಬಿದ್ದವು. ಗಲಾಟೆಯಾದ ಮೇಲೆ ಕಂಪನಿ ಅದನ್ನು ಹಿಂತೆಗೆದುಕೊಂಡಿತು.

ಬೋರ್ಡು ಕಂಡರೂ ‘ನಾಟ್ ಇನ್ ಸಿಂಕ್’ ಎಂದು ಹತ್ತು ಸಲ ಬಂದು ನಿಂತರೆ ಐಡಿಇಯನ್ನು ಕಿತ್ತು ಮತ್ತೆ ಹಾಕಲು ಹೋಗಬೇಡಿ. ಆರ್ಡುಯಿನೊ ನ್ಯಾನೊ ಬೋರ್ಡಿಗೆ 2018ರಲ್ಲಿ ಹೊಸ ಬೂಟ್‌ಲೋಡರ್ ಬಂತು, ಅಗ್ಗದ ಪ್ರತಿಗಳಲ್ಲಿ ಹಳೆಯದೇ ಮುಂದುವರಿದಿದೆ. ಹೊಸದು ಸೆಕೆಂಡಿಗೆ 1,15,200 ಬಿಟ್ ವೇಗದಲ್ಲಿ ಮಾತಾಡಿದರೆ ಹಳೆಯದು 57,600ರಲ್ಲಿ. ಪ್ರೊಸೆಸರ್ ಪಟ್ಟಿಯಲ್ಲಿ ‘ಓಲ್ಡ್ ಬೂಟ್‌ಲೋಡರ್’ ಆರಿಸಿದರೆ ಬಹಳ ಸಲ ಅಲ್ಲಿಗೇ ಬಗೆಹರಿಯುತ್ತದೆ. ನಡುವೆ ಕರೆಂಟು ಹೋಗಿ ಅಪ್‌ಲೋಡ್ ಅರ್ಧಕ್ಕೆ ನಿಂತಿತೆಂದೂ ಗಾಬರಿ ಬೇಡ. ಬೂಟ್‌ಲೋಡರ್ ಇರುವ ಜಾಗಕ್ಕೆ ಅಪ್‌ಲೋಡ್ ಕೈ ಹಾಕುವುದಿಲ್ಲ, ಮತ್ತೆ ಕಳಿಸಿದರೆ ಆಯಿತು.

ಕನ್ನಡಿಗರನ್ನು ಕಾಡುವ ಒಂದು ತೊಡಕೂ ಇದೆ. ವಿಂಡೋಸ್‌ನಲ್ಲಿ ಬಳಕೆದಾರನ ಹೆಸರನ್ನು ಕನ್ನಡದಲ್ಲಿ ಬರೆದಿದ್ದರೆ ಅದೇ ಹೆಸರಿನ ಫೋಲ್ಡರ್ ಹುಟ್ಟುತ್ತದೆ, ಐಡಿಇ ತನ್ನ ಕಂಪೈಲರುಗಳನ್ನು ಅದರೊಳಗೇ ಇಡುತ್ತದೆ. ಹಳೆಯ ಮಾದರಿಯ ಈ ಕಂಪೈಲರುಗಳು ಫೈಲಿನ ದಾರಿಯನ್ನು ಓದುವುದು ಯುನಿಕೋಡ್‌ಗೆ ಮುಂಚಿನ 8 ಬಿಟ್ ಅಕ್ಷರಪಟ್ಟಿಗಳಲ್ಲಿ. ಜರ್ಮನ್, ರಷ್ಯನ್ ಭಾಷೆಗಳಿಗೆ ವಿಂಡೋಸ್‌ನಲ್ಲಿ ಅಂಥ ಪಟ್ಟಿಯಿತ್ತು. ಕನ್ನಡಕ್ಕೆ ಮೈಕ್ರೋಸಾಫ್ಟ್ ಅದನ್ನು ಮಾಡಲೇ ಇಲ್ಲ, ನಾವು ನೇರ ಯುನಿಕೋಡ್‌ಗೇ ಬಂದವರು. ಹೀಗಾಗಿ ನಮ್ಮ ಹೆಸರು ಕಂಪೈಲರಿಗೆ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತದೆ, ‘ಫೈಲ್ ಇಲ್ಲ’ ಎಂದು ನಿಲ್ಲುತ್ತದೆ. ನನಗಿದು ಸಿಟ್ಟು ಬರಿಸುವ ಸಂಗತಿ, ಆದರೂ ಉಪಾಯ ಒಂದೇ: ಬಳಕೆದಾರನ ಹೆಸರನ್ನೂ ಪ್ರಾಜೆಕ್ಟಿನ ಫೋಲ್ಡರನ್ನೂ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ, ನಡುವೆ ಖಾಲಿ ಜಾಗವಿಲ್ಲದೆ ಇಡುವುದು. ಪ್ರೋಗ್ರಾಮಿನ ಒಳಗೆ ಟಿಪ್ಪಣಿಯನ್ನು ಕನ್ನಡದಲ್ಲಿ ಧಾರಾಳವಾಗಿ ಬರೆಯಿರಿ, ಅದು ಚಿಪ್ಪಿನವರೆಗೆ ಹೋಗುವುದೇ ಇಲ್ಲ. ಚಿಪ್ಪು ಹೊರಹಾಕುವ ಸಂದೇಶದ ಲೆಕ್ಕ ಬೇರೆ. ‘ಬಸವಕಲ್ಯಾಣ’ ಎಂಬುದು ಯುನಿಕೋಡ್‌ನಲ್ಲಿ ಒಂಬತ್ತು ಸಂಕೇತ, ಒಂದೊಂದಕ್ಕೆ ಮೂರರಂತೆ 27 ಬೈಟ್, ‘ಹುಮನಾಬಾದ್’ಗೂ ಅಷ್ಟೇ. 2 ಕಿಲೋಬೈಟ್ ರ್‍ಯಾಮಿನಲ್ಲಿ ಇಂಥ ವಾಕ್ಯಗಳು ನಾಲ್ಕಾರು ಸೇರಿದರೆ ಜಾಗ ಬೇಗ ತುಂಬುತ್ತದೆ. ಅವನ್ನು ಫ್ಲ್ಯಾಶಿನಲ್ಲೇ ಉಳಿಸುವ ‘ಎಫ್’ ಮ್ಯಾಕ್ರೊ ಇರುವುದು ಇದಕ್ಕೇ.

ಎಲ್ಲ ಸರಿಹೋಗಿ ಡಬ್ಬಿ ಹೊಲಕ್ಕೆ ಹೋದ ಮೇಲೆ, ಪ್ರೋಗ್ರಾಮಿನಲ್ಲಿ ಸಣ್ಣದೊಂದು ತಿದ್ದುಪಡಿಗೆಂದು ಲ್ಯಾಪ್‌ಟಾಪನ್ನು ಅಲ್ಲಿಗೇ ಒಯ್ಯುತ್ತಾರೆ. ಇಲ್ಲಿ ವೈರಸ್ಸಿಗಿಂತ ದೊಡ್ಡ ಅಪಾಯವಿದೆ. ಖರ್ಚು ಉಳಿಸಲು ಕೆಲವು ಡಬ್ಬಿಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕ್ಯಾಪಾಸಿಟರಿನ ಮೂಲಕ ಮೇನ್ಸ್ ವೋಲ್ಟೇಜನ್ನು ಇಳಿಸಿ 5 ವೋಲ್ಟ್ ಮಾಡಿರುತ್ತಾರೆ. ಹಾಗೆ ಮಾಡಿದ ಬೋರ್ಡಿನ ‘ಗ್ರೌಂಡ್’ ನೆಲವಲ್ಲ, ಮೇನ್ಸ್‌ಗೆ ನೇರ ಜೋಡಿಸಿದ ತಂತಿ. ಯುಎಸ್‌ಬಿ ಚುಚ್ಚಿದ ಕ್ಷಣ ಲ್ಯಾಪ್‌ಟಾಪಿನ ಲೋಹದ ಭಾಗಕ್ಕೂ ಅದೇ ವೋಲ್ಟೇಜ್ ಬರಬಹುದು, ಚಾರ್ಜರ್ ಕಿತ್ತಿದ್ದರೂ. ಜೊತೆಗೆ ಅಪ್‌ಲೋಡ್ ಆಗುವಾಗ ಚಿಪ್ಪಿನ ಕಾಲುಗಳು ಕೆಲ ಹೊತ್ತು ಯಾರ ಹಿಡಿತದಲ್ಲೂ ಇರುವುದಿಲ್ಲ; ರಿಲೇ ತನ್ನಷ್ಟಕ್ಕೆ ಎಳೆದು 415 ವೋಲ್ಟಿನ ಮೋಟರು ಚಾಲೂ ಆಗಬಹುದು, ಪಂಪಿನ ಬಳಿ ಯಾರೋ ಕೂತಿರಬಹುದು. ಆದ್ದರಿಂದ ಮೇನ್ಸ್‌ನ ಮೂರೂ ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಂಡು, ಬೋರ್ಡನ್ನು ಡಬ್ಬಿಯಿಂದ ಬಿಚ್ಚಿ, ಲ್ಯಾಪ್‌ಟಾಪಿನ 5 ವೋಲ್ಟಿನಲ್ಲೇ ಅಪ್‌ಲೋಡ್ ಮುಗಿಸಿ. ಮರಳಿ ಜೋಡಿಸಿದ ಮೇಲೂ ಮೊದಲ ಸಲ ರಿಲೇಗೆ ಸ್ಟಾರ್ಟರಿನ ಕಾಯಿಲ್ ಬದಲು ಒಂದು ಬಲ್ಬು ಹಾಕಿ, ಫೋನು ಮಾಡಿದರೆ ಹತ್ತುತ್ತದೆಯೇ, ಕರೆಂಟು ಹೋಗಿ ಬಂದರೆ ಆರಿಯೇ ಇರುತ್ತದೆಯೇ ಎಂದು ನೋಡಿ. ಎರಡನೆಯ ಪರೀಕ್ಷೆಯಲ್ಲಿ ಬಲ್ಬು ತಾನಾಗಿ ಹತ್ತಿದರೆ ಪ್ರೋಗ್ರಾಮಿನಲ್ಲಿ ಇನ್ನೂ ಕೆಲಸವಿದೆ, ಮೋಟರಿಗೆ ವೈರು ಕೊಡುವ ಹೊತ್ತು ಬಂದಿಲ್ಲ.